ಬಿ12ರ ಕೆಂಪು ಕೊಟ್ಟ ಲೆಕ್ಕ

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ದವಡೆಯ ಕೀಲು ಜಾರುವುದು ತಿಳಿಯುತ್ತದೆ. ಅಲ್ಲಿ ಎರಡು ಮೂಳೆಗಳ ನಡುವೆ ಒಂದು ಪುಟ್ಟ ಬಿಲ್ಲೆಯಿದೆ. ನೋವಿಗೂ ಬಾಯಿ ಬಿಗಿಯುವುದಕ್ಕೂ ಅದು ಜಾಗ ತಪ್ಪುವುದೇ ಮೂಲವೆಂದು ವೈದ್ಯರು ಬಹುಕಾಲ ನಂಬಿದ್ದರು. ಎಡಿನ್‌ಬರೋದ ಥಾಮಸ್ ಅನಂಡೇಲ್ 1887ರಷ್ಟು ಹಿಂದೆಯೇ ಜಾರಿದ ಬಿಲ್ಲೆಯನ್ನು ಹೊಲಿದು ಕೂರಿಸಿದ್ದರು.

1991ರಲ್ಲಿ ಡೋರಿಟ್ ನಿಟ್ಜಾನ್ ಮತ್ತು ಸಂಗಡಿಗರು ಪ್ರಕಟಿಸಿದ ಚಿಕಿತ್ಸೆ ಈ ನಂಬಿಕೆಯನ್ನು ಅಲುಗಾಡಿಸಿತು. ಕೀಲಿಗೆ ಎರಡು ಸೂಜಿ ಚುಚ್ಚಿ, ಒಂದರಿಂದ ದ್ರವ ಹರಿಸಿ ಇನ್ನೊಂದರಿಂದ ಹೊರಬಿಟ್ಟರು, ಅಷ್ಟೆ. ಬಿಲ್ಲೆಯನ್ನು ಹೊಲಿಯಲಿಲ್ಲ. ಆದರೂ ಬಿಗಿದ ಬಾಯಿ ತೆರೆಯಿತು. ಹಾಗಾದರೆ ತೊಳೆದುಹೋದದ್ದೇನು? ಅದರ ಹಿಂದಿನ ವರ್ಷವಷ್ಟೇ ಅಮೆರಿಕದ ಕ್ವಿನ್ ಮತ್ತು ಬಜಾನ್, ನೋಯುವ ದವಡೆ ಕೀಲಿನ ದ್ರವದಲ್ಲಿ ಪ್ರೊಸ್ಟಗ್ಲಾಂಡಿನ್ ಇ2, ಲ್ಯೂಕೋಟ್ರೈನ್ ಬಿ4 ಎಂಬ ಉರಿಯೂತದ ರಾಸಾಯನಿಕಗಳನ್ನು ಗುರುತಿಸಿದ್ದರು. ಮುಂದೆ ಇಂಟರ್‌ಲ್ಯೂಕಿನ್‌ಗಳೂ ಪಟ್ಟಿಗೆ ಸೇರಿದವು.

ಆದರೆ ಇದೆ ಎನ್ನುವುದು ಬೇರೆ, ಎಷ್ಟಿದೆ ಎನ್ನುವುದು ಬೇರೆ. ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಎಷ್ಟೆಂಬುದೇ ಬೇಕು. ಊದಿದ ಮೊಣಕಾಲಾದರೆ ಸಿರಿಂಜಿನಲ್ಲಿ ದ್ರವ ಎಳೆಯಬಹುದು. ದವಡೆ ಕೀಲಿನಲ್ಲಿ ಎಷ್ಟೋ ಸಲ ಹನಿಯೂ ಬರುವುದಿಲ್ಲ. ಹಾಗಾಗಿ ಸಲೈನ್ ಒಳಬಿಟ್ಟು ವಾಪಸ್ ಎಳೆಯುತ್ತಿದ್ದರು. ಬಂದದ್ದರಲ್ಲಿ ಕೀಲಿನದೆಷ್ಟು, ಸಲೈನ್ ಎಷ್ಟು? ಉರಿಯೂತ ಇಳಿದಂತೆ ಕಂಡರೂ, ಅದು ಬರೀ ನೀರು ಹೆಚ್ಚಾದದ್ದರ ಫಲವಿರಬಹುದು.

ಸ್ವೀಡನ್ನಿನ ಪೆರ್ ಆಲ್‌ಸ್ಟರ್‌ಗ್ರೆನ್, ಸಿಗ್ವಾರ್ಡ್ ಕಾಪ್ ಮತ್ತು ಜೊತೆಗಾರರು 1995ರಲ್ಲಿ ಮುಂದಿಟ್ಟ ಉಪಾಯ ನನಗಂತೂ ಈ ಕತೆಯ ತಿರುಳು. ತೊಳೆಯುವ ಸಲೈನಿಗೇ ಅವರು ವಿಟಮಿನ್ ಬಿ12 ಬೆರೆಸಿದರು. ಅದರ ಬಣ್ಣ ಕೆಂಪು. ಒಳಹೋದ ಕೆಂಪು ಎಷ್ಟು ಗಾಢವೆಂದು ಮೊದಲೇ ಗೊತ್ತು. ಹೊರಬಂದದ್ದು ಎಷ್ಟು ತೆಳುವಾಗಿದೆಯೋ ಅಷ್ಟು ಕೀಲುದ್ರವ ಅದರಲ್ಲಿ ಬೆರೆತಿದೆ ಎಂದರ್ಥ. ಬಣ್ಣ ಅಳೆಯುವ ಯಂತ್ರ ಆ ವ್ಯತ್ಯಾಸವನ್ನು ಅಂಕಿಯಾಗಿ ಕೊಡುತ್ತದೆ. ಹೊಸ ಔಷಧವಿಲ್ಲ, ದುಬಾರಿ ಸಾಧನವಿಲ್ಲ. ಹನಿ ಸಿಗದ ಕೀಲಿಗೂ ಲೆಕ್ಕ ಸಿಕ್ಕಿತು.

2005ರ ಹೊತ್ತಿಗೆ ಕಾಪ್ ಅವರ ತಂಡ ಸಂಧಿವಾತದ ರೋಗಿಗಳಲ್ಲಿ ಚಿಕಿತ್ಸೆಯನ್ನೇ ಹೀಗೆ ಹಿಂಬಾಲಿಸಿತು. ಮೆಥೊಟ್ರೆಕ್ಸೇಟ್ ಔಷಧದ ಜೊತೆ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟಾಗ ದವಡೆ ನೋವು ಇಳಿದದ್ದಕ್ಕೂ, ಕೀಲುದ್ರವ ಮತ್ತು ರಕ್ತದಲ್ಲಿ ಉರಿಯೂತದ ರಾಸಾಯನಿಕಗಳಾದ ಸೈಟೋಕೈನ್‌ಗಳು ಬದಲಾದದ್ದಕ್ಕೂ ನಂಟು ಕಂಡಿತು.

ಕ್ಲಿನಿಕ್ಕುಗಳಿಗೆ ಈ ಪರೀಕ್ಷೆ ಇನ್ನೂ ಬಂದಿಲ್ಲ. ಉರಿಯೂತದ ಒಂದೇ ರಾಸಾಯನಿಕ ಎಲ್ಲರಲ್ಲೂ ಒಂದೇ ರೀತಿ ಏರಿಳಿಯುವುದಿಲ್ಲ, ಅದಕ್ಕಾಗಿ ಪ್ರತಿ ಸಲ ಕೀಲಿಗೆ ಸೂಜಿ ಚುಚ್ಚುವುದೂ ಸಣ್ಣ ಮಾತಲ್ಲ. ದಂತವೈದ್ಯರು ಇಂದಿಗೂ ಅಳೆಯುವುದು ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವಿನ ಮಿಲಿಮೀಟರ್‌ಗಳನ್ನೇ. ಕೀಲಿನೊಳಗೆ ಉರಿ ಆರಿದೆಯೇ ಎಂಬುದನ್ನು ಆ ಅಳತೆಪಟ್ಟಿ ಹೇಳಲಾರದು.