ಬಾಕ್ಸ್ ಎತ್ತುವ ಭುಜಕ್ಕೆ ಎಷ್ಟು ಪರ್ಸೆಂಟ್ ಬೆಲೆ?

ಮುಳಬಾಗಿಲು ತಾಲ್ಲೂಕಿನ ನಮ್ಮ ತಾಯಲೂರು ಕಡೆ ದುಡಿಮೆ ಅಂದರೆ ಬಹುಪಾಲು ಭುಜದ ಕೆಲಸ. ಟೊಮೆಟೊ ಸೀಸನ್ನಿನಲ್ಲಿ 15 ಕೆ.ಜಿ. ಬಾಕ್ಸುಗಳನ್ನು ತೋಟದಿಂದ ಹೊತ್ತು, ಗಾಡಿಗೇರಿಸಿ, ವಡ್ಡಹಳ್ಳಿಯಲ್ಲೋ ಕೋಲಾರದ ಎಪಿಎಂಸಿಯಲ್ಲೋ ಇಳಿಸಬೇಕು. ಬೈಕಿಗೆ ಲಾರಿ ಗುದ್ದಿ ಭುಜ ಮುರಿದವರಿಗೆ ಊರಲ್ಲಿ ಸಿಗುವ ಸಮಾಧಾನ ಒಂದೇ: "ಪ್ರಾಣ ಉಳೀತಲ್ಲ, ಬಿಡಪ್ಪ." ಪ್ರಾಣ ಉಳಿದಿದೆ, ನಿಜ. ಆದರೆ ಕೈ ತಲೆಮಟ್ಟಕ್ಕೆ ಏಳದಿದ್ದರೆ ಕೂಲಿ ಉಳಿಯುವುದಿಲ್ಲ. ಈ ನಷ್ಟವನ್ನು ಕಾನೂನು ಹೇಗೆ ಅಳೆಯುತ್ತದೆ, ನಮ್ಮವರು ಎಲ್ಲಿ ಸೋಲುತ್ತಾರೆ ಅನ್ನುವುದನ್ನು ನಾನಿಲ್ಲಿ ಬಿಡಿಸಿ ಹೇಳಲು ಹೊರಟಿದ್ದೇನೆ.

ಮೂರನೇ ಒಂದು ಭಾಗದ ಲೆಕ್ಕ

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166ರ ಪ್ರಕಾರ ಗಾಯಾಳು ಪರಿಹಾರ ಕೇಳಬಹುದು. ಡಾಕ್ಟರು ಬಲಗೈಗೆ 30% ಶಾಶ್ವತ ಅಂಗವೈಕಲ್ಯ ಎಂದು ಬರೆದರು ಅಂದುಕೊಳ್ಳಿ. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು, ಅಂದರೆ 10%ನ್ನು, ಇಡೀ ದೇಹದ ಅಂಗವೈಕಲ್ಯ ಎಂದು ಹಿಡಿಯುವ ರೂಢಿ ಇದೆ. ಬಹಳ ಸಲ ದುಡಿಮೆಯ ನಷ್ಟವೂ ಅಷ್ಟೇ ಎಂದು ಮುಗಿಸಿಬಿಡುತ್ತಾರೆ.

32 ವರ್ಷದ ಹಮಾಲಿ, ತಿಂಗಳಿಗೆ 15,000 ರೂಪಾಯಿ ದುಡಿಮೆ. 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ ಆ ವಯಸ್ಸಿಗೆ ಗುಣಕ 16. ವರ್ಷದ 1,80,000ವನ್ನು 16ರಿಂದ ಗುಣಿಸಿದರೆ 28,80,000. ಇದರಲ್ಲಿ 10% ಅಂದರೆ 2,88,000. ಕೋರ್ಟು 30% ಒಪ್ಪಿದರೆ 8,64,000. ಭುಜ ಅದೇ, ಪೆಟ್ಟೂ ಅದೇ. ವ್ಯತ್ಯಾಸ 5,76,000 ರೂಪಾಯಿ!

ಸುಪ್ರೀಂ ಕೋರ್ಟು ಹೇಳಿರುವುದೇ ಬೇರೆ

2010ರ ರಾಜ್ ಕುಮಾರ್ ವರ್ಸಸ್ ಅಜಯ್ ಕುಮಾರ್ ತೀರ್ಪು ಇಲ್ಲಿ ಮುಖ್ಯ. ಅಂಗವೈಕಲ್ಯದ ಪರ್ಸೆಂಟೇ ದುಡಿಮೆ ನಷ್ಟದ ಪರ್ಸೆಂಟ್ ಆಗಬೇಕಿಲ್ಲ ಎಂದಿತು ಕೋರ್ಟು. ಎಡಗೈ ಕಳೆದುಕೊಂಡ ಡ್ರೈವರ್ ಅಥವಾ ಬಡಗಿಗೆ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರು. ಸರ್ಕಾರಿ ಗುಮಾಸ್ತನ ಕೆಲಸ ಹೋಗದೇ ಇರಬಹುದು. ಅಂಗಕ್ಕೆ ಎಷ್ಟು ಹಾನಿ ಎಂದು ಡಾಕ್ಟರು ಹೇಳುತ್ತಾರೆ, ದುಡಿಮೆಗೆ ಎಷ್ಟು ಹಾನಿ ಎಂದು ನ್ಯಾಯಮಂಡಳಿ ತೀರ್ಮಾನಿಸಬೇಕು.

2020ರ ಪಪ್ಪು ದೇವ್ ಯಾದವ್ ಪ್ರಕರಣದಲ್ಲಿ ಬಲಗೈ ಕಳೆದುಕೊಂಡ ಟೈಪಿಸ್ಟ್‌ಗೆ ಹೈಕೋರ್ಟು 45% ಎಂದಿದ್ದನ್ನು ಸುಪ್ರೀಂ ಕೋರ್ಟು 65%ಕ್ಕೆ ಏರಿಸಿತು. ನಮ್ಮ ರಾಜ್ಯದ್ದೇ ಆದ 2014ರ ಸೈಯದ್ ಸಾದಿಕ್ ಪ್ರಕರಣದಲ್ಲಿ, ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯ ಬಳಿ ಆದಾಯದ ದಾಖಲೆ ಇಲ್ಲದಿದ್ದರೂ ತಿಂಗಳಿಗೆ 6,500 ರೂಪಾಯಿ ದುಡಿಮೆಯನ್ನು ಕೋರ್ಟು ಒಪ್ಪಿತು. ಹಾಗಾಗಿ ಸಂಬಳದ ಚೀಟಿ ಇಲ್ಲ ಅಂತ ಕೈಚೆಲ್ಲಬೇಕಿಲ್ಲ.

ದಾಖಲೆ ಎಲ್ಲಿ ತಪ್ಪುತ್ತದೆ?

ಕೀಲು ತಪ್ಪಿದರೆ, ಮೂಳೆ ಮುರಿದರೆ ನಮ್ಮ ಕಡೆಯವರು ಗಡಿ ದಾಟಿ ಪುತ್ತೂರು ಕಟ್ಟು ಹಾಕಿಸಿಕೊಂಡು ಬರುವುದುಂಟು. ಆದರೆ ಮೊದಲ ದಿನವೇ ಆಸ್ಪತ್ರೆಗೆ ಹೋಗಿ, ಆಕ್ಸಿಡೆಂಟ್ ಎಂದು ಹೇಳಿ ಎಂಎಲ್‌ಸಿ ಮಾಡಿಸದಿದ್ದರೆ "ಈ ಗಾಯ ಆ ಅಪಘಾತದ್ದೇ ಅಲ್ಲ" ಅನ್ನಲು ವಿಮಾ ಕಂಪನಿಗೆ ದಾರಿ ಸಿಗುತ್ತದೆ. ಇನ್ನೊಂದು ವಿಷಯ: ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಭುಜದ ಸ್ನಾಯುರಜ್ಜು ಹರಿದದ್ದು ಕಾಣುವುದಿಲ್ಲ. ನೋವು ಇಳಿಯದೆ ಕೈ ಏಳದಿದ್ದರೆ ಎಂಆರ್‌ಐ ಬೇಕೇ ಎಂದು ಡಾಕ್ಟರನ್ನು ಕೇಳಿ. ಸರ್ಟಿಫಿಕೇಟಿನಲ್ಲಿ ಬರೀ ಪರ್ಸೆಂಟ್ ಸಾಲದು, ಕೈ ಎಷ್ಟು ಎತ್ತರಕ್ಕೆ ಏಳುತ್ತದೆ, ಭಾರ ಎತ್ತಬಹುದೇ ಅನ್ನುವುದೂ ಇರಲಿ.

ಗೂಡ್ಸ್ ಗಾಡಿಯಲ್ಲಿ ಹೋಗುವ ಕೂಲಿಗಳ ಕಷ್ಟ ಇನ್ನೂ ದೊಡ್ಡದು. ಸರಕು ವಾಹನದಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ತೀರ್ಪಾಗಿದೆ. ತನ್ನ ಸರಕಿನ ಜೊತೆ ಹೋಗುವ ರೈತನ ಸ್ಥಾನ ಬೇರೆ. ಗಾಡಿಯವರೇ ಕೆಲಸಕ್ಕಿಟ್ಟ ಲೋಡಿಂಗ್ ಆಳಿಗೆ ನೌಕರರ ಪರಿಹಾರ ಕೇಳುವ ದಾರಿಯಿದೆ. ಆದ್ದರಿಂದ ನೀವು ಗಾಡಿಯಲ್ಲಿ ಯಾಕಿದ್ದಿರಿ ಅನ್ನುವುದು ಮೊದಲ ದೂರಿನಲ್ಲೇ ಇದ್ದದ್ದು ಇದ್ದ ಹಾಗೆ ದಾಖಲಾಗಬೇಕು.

ಸಹಿ ಹಾಕುವ ಮುಂಚೆ

2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಮಿತಿ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ, ಆದರೆ ಅವನ್ನು ನಂಬಿ ಕೂರಬೇಡಿ. ಅಪಘಾತ ಆಂಧ್ರದ ಪಲಮನೇರಿನ ಹತ್ತಿರ ಆಗಿದ್ದರೂ ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರು ಸಿಗಬೇಕು, ಸಹಾಯವಾಣಿ 15100. ಲೋಕ ಅದಾಲತ್ತಿನಲ್ಲಿ ರಾಜಿಗೆ ಒಪ್ಪಿದರೆ ಅಪೀಲು ಇಲ್ಲ. ಸಹಿ ಹಾಕುವ ಮುಂಚೆ, ಪರ್ಸೆಂಟನ್ನು ಯಾವ ಆಧಾರದ ಮೇಲೆ ಹಿಡಿದಿದ್ದೀರಿ ಎಂದು ಕೇಳಿ.

ನನ್ನ ದೃಷ್ಟಿಯಲ್ಲಿ ಇದು ರಾಜಕೀಯದ ಪ್ರಶ್ನೆಯೇ. ಮೂರನೇ ಒಂದರ ರೂಢಿ ಕುರ್ಚಿಯಲ್ಲಿ ಕೂತು ದುಡಿಯುವವರಿಗೆ ಸರಿಹೋಗಬಹುದು, ಬಾಕ್ಸ್ ಹೊರುವವರಿಗಲ್ಲ. ಓದಿದ ಹುಡುಗ ಹುಡುಗಿಯರು ಒಂದು ಕೆಲಸ ಮಾಡಬಹುದು: ಊರಲ್ಲಿ ಯಾರಿಗಾದರೂ ಅಪಘಾತವಾದರೆ ಜೊತೆಗೆ ಹೋಗಿ, ಅವರು ದಿನಕ್ಕೆ ಎಷ್ಟು ಬಾಕ್ಸ್ ಹೊರುತ್ತಿದ್ದರು, ಈಗ ಯಾವ ಕೆಲಸ ಆಗುತ್ತಿಲ್ಲ ಎಂದು ಬರೆದು ವಕೀಲರ ಕೈಗೆ ಕೊಡಿ. ಆ ಹಾಳೆ ಸಾಕ್ಷ್ಯದಲ್ಲಿ ಬಂದರೆ ಮಾತ್ರ ಜಡ್ಜ್ ಅದನ್ನು ಲೆಕ್ಕಕ್ಕೆ ಹಿಡಿಯಲು ಸಾಧ್ಯ.