ಸೊಂಟದ ಕಟ್ಟು ಸಡಿಲಿದಾಗ

ಅಡಿಕೆ ಮರದಿಂದ ಜಾರಿ ಬಿದ್ದವನನ್ನು ಕಂಡಾಗ ನಾವು ಮಾಡುವ ಮೊದಲ ಕೆಲಸವೇನು? ನಾಲ್ಕು ಜನ ಕೈಕಾಲು ಹಿಡಿದೆತ್ತಿ ಜೀಪಿನಲ್ಲಿ ಕುಳ್ಳಿರಿಸುವುದು. ಮೈಮೇಲೆ ಗಾಯವಿಲ್ಲ, ರಕ್ತವೂ ಕಾಣದು. "ಸೊಂಟ ನೋಯುತ್ತದೆ" ಎನ್ನುತ್ತಾನೆ, ಅಷ್ಟೇ. ಆದರೆ ದಾರಿಯಲ್ಲೇ ಬಿಳಿಚಿಕೊಂಡು ತಣ್ಣಗಾಗತೊಡಗುತ್ತಾನೆ. ಯಾಕೆ?

ಸೊಂಟದ ಗೂಡು ಒಂದೇ ಎಲುಬಲ್ಲ. ಎಡಬಲಕ್ಕೆ ಎರಡು ಅಗಲವಾದ ಎಲುಬುಗಳು, ಅವುಗಳ ನಡುವೆ ಹಿಂದುಗಡೆ ಬೆನ್ನೆಲುಬಿನ ಬುಡದ ತ್ರಿಕಾಸ್ಥಿ. ಮುಂದುಗಡೆ ಕಿಬ್ಬೊಟ್ಟೆಯ ಕೆಳಗೆ ಎರಡೂ ಎಲುಬುಗಳು ಮೆತ್ತೆಯಂಥ ಮೃದ್ವಸ್ಥಿಯಿಂದ ಕೂಡಿಕೊಂಡಿವೆ. ಈ ಗೂಡನ್ನು ಬಿಗಿದು ಹಿಡಿದಿರುವುದು ಲಿಗಮೆಂಟುಗಳು, ಅಂದರೆ ನಾರಿನ ಕಟ್ಟುಗಳು. ಹಿಂಬದಿಯ ಕಟ್ಟುಗಳಂತೂ ಇಡೀ ದೇಹದಲ್ಲೇ ಅತಿ ಬಲವಾದವುಗಳಲ್ಲಿ ಸೇರಿವೆ. ಮೈಭಾರವೆಲ್ಲ ತ್ರಿಕಾಸ್ಥಿಯ ಮೂಲಕವೇ ಕಾಲಿಗಿಳಿಯಬೇಕಲ್ಲವೇ? ಅಲ್ಲಿನ ಕೀಲು ಕೆಲವೇ ಡಿಗ್ರಿ ಅಲುಗುತ್ತದೆ.

ಗರ್ಭಿಣಿಯರಲ್ಲಿ ಹಾರ್ಮೋನುಗಳ ಪ್ರಭಾವದಿಂದ ಈ ಕಟ್ಟುಗಳು ತುಸು ಸಡಿಲವಾಗುತ್ತವೆ. ಮುಂದಿನ ಕೀಲಿನ ನಾಲ್ಕೈದು ಮಿಲಿಮೀಟರ್ ಸಂದು ಇನ್ನೂ 2-3 ಮಿಲಿಮೀಟರ್ ಹಿಗ್ಗುವುದು ಸಹಜ. 10 ಮಿಲಿಮೀಟರ್ ದಾಟಿದರೆ ಸಹಜವಲ್ಲ. ಮೆಟ್ಟಿಲು ಹತ್ತುವಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಸೊಸೆ ನರಳಿದರೆ "ನಾವು ಹೆತ್ತಿಲ್ಲವೇ?" ಎನ್ನಬೇಡಿ, ಅತ್ತೆಯಂದಿರೇ. ಮೊಣಕಾಲುಗಳನ್ನು ಜೋಡಿಸಿಕೊಂಡು ಹೊರಳುವುದು, ಕುಳಿತುಕೊಂಡೇ ಬಟ್ಟೆ ತೊಡುವುದು, ವೈದ್ಯರು ಹೇಳಿದರೆ ಸೊಂಟಪಟ್ಟಿ ಕಟ್ಟುವುದು ಉಪಯುಕ್ತ.

ಬಿದ್ದವನ ಸಂಗತಿ ಬೇರೆ. ಮುಂದಿನ ಕೀಲು ಪುಸ್ತಕ ತೆರೆದಂತೆ ಬಿಚ್ಚಿಕೊಳ್ಳಬಹುದು. ಆ ಬಿರುಕು ಎರಡೂವರೆ ಸೆಂಟಿಮೀಟರ್ ಮೀರಿದೆಯೆಂದರೆ ಸಾಮಾನ್ಯವಾಗಿ ಹಿಂದಿನ ಕೀಲಿನ ಮುಂಬದಿಯ ಕಟ್ಟುಗಳೂ ಹರಿದಿರುತ್ತವೆ. ಅಲ್ಲೇ ಹರಡಿಕೊಂಡಿರುವ ರಕ್ತನಾಳಗಳು ಹರಿದು, ಲೀಟರುಗಟ್ಟಲೆ ರಕ್ತ ಹೊರಗೆ ಹನಿಯೂ ಕಾಣದಂತೆ ಒಳಗೇ ಸೋರಬಲ್ಲದು.

ಆದ್ದರಿಂದ ಅವನನ್ನು ಕುಳ್ಳಿರಿಸಬೇಡಿ, ನಿಲ್ಲಿಸಬೇಡಿ, ಸೊಂಟ ಒತ್ತಿ ಪರೀಕ್ಷಿಸಬೇಡಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವುದು ತಡವಾದರೆ, ಕ್ರಮ ತಿಳಿದವರು ಮಡಚಿದ ಬೆಡ್‌ಶೀಟನ್ನು ಮೆಲ್ಲನೆ ಅಡಿಯಿಂದ ತೂರಿಸಿ ಮುಂದೆ ಬಿಗಿಯಬಹುದು. ಕಟ್ಟುವ ಜಾಗದಲ್ಲೇ ಹೆಚ್ಚಿನವರು ತಪ್ಪುವುದು: ಅದು ಪಂಚೆ ಉಡುವ ಜಾಗವಲ್ಲ, ಇನ್ನೂ ಕೆಳಗೆ, ತೊಡೆಯ ಬುಡದಲ್ಲಿ ಹೊರಬದಿಗೆ ಕೈಗೆ ಸಿಗುವ ಎಲುಬಿನ ಗುಬಟಿನ ನೇರಕ್ಕೆ. ಮೊಣಕಾಲುಗಳನ್ನೂ ಜೋಡಿಸಿ ಕಟ್ಟಿದರೆ ಪಾದಗಳು ಹೊರಕ್ಕೆ ವಾಲವು. ಆಸ್ಪತ್ರೆಯಲ್ಲಿ ವೈದ್ಯರು ನೋಡುವವರೆಗೆ ಆ ಗಂಟು ಬಿಚ್ಚಬಾರದು.