ಹೆರಿಗೆ ಸೇವೆಗಳು: ಗರ್ಭಿಣಿಯ ಸಮ್ಮತಿ ಮತ್ತು ಹಕ್ಕುಗಳು

ಹೆರಿಗೆಗೆ ಆಸ್ಪತ್ರೆ ತಲುಪುವಲ್ಲಿ ಆಗುವ ವಿಳಂಬವು ರಸ್ತೆಯಲ್ಲಿ ಮಾತ್ರ ಆಗುವುದಲ್ಲ. "ಯಜಮಾನರು ಬರಲಿ", "ಅತ್ತೆಯವರನ್ನು ಕೇಳೋಣ" ಎಂದು ಮನೆಯಲ್ಲಿಯೇ ಕಳೆಯುವ ಹೊತ್ತು ಮೊದಲನೆಯ ವಿಳಂಬವಾಗಿರುತ್ತದೆ. ತೀವ್ರ ರಕ್ತಸ್ರಾವವಾದಲ್ಲಿ ಕೆಲವೇ ಗಂಟೆಗಳಲ್ಲಿ ತಾಯಿಯ ಪ್ರಾಣಕ್ಕೆ ಅಪಾಯ ಒದಗಬಹುದು.

ಯಾರ ಸಮ್ಮತಿ ಅಗತ್ಯ?

18 ವರ್ಷ ತುಂಬಿದ, ಸ್ವತಃ ನಿರ್ಧರಿಸಲು ಶಕ್ತಳಾದ ಮಹಿಳೆಯ ಚಿಕಿತ್ಸೆಗೆ ಆಕೆಯ ಸಮ್ಮತಿಯೇ ಸಾಕು. ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಅರಿವಳಿಕೆಯಲ್ಲಿದ್ದ ಮಹಿಳೆಯ ತಾಯಿ ನೀಡಿದ ಒಪ್ಪಿಗೆಯ ಮೇರೆಗೆ ಗರ್ಭಕೋಶ ತೆಗೆದುದನ್ನು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಒಪ್ಪಲಿಲ್ಲ. ಅಲ್ಲಿ ಪ್ರಾಣಾಪಾಯದ ತುರ್ತು ಇರಲಿಲ್ಲ. ಅಂತಹ ತುರ್ತು ಇದ್ದು, ರೋಗಿಯು ಒಪ್ಪಿಗೆ ಸೂಚಿಸಲಾಗದ ಸ್ಥಿತಿಯಲ್ಲಿದ್ದರೆ ವೈದ್ಯರು ಯಾರ ಸಹಿಗೂ ಕಾಯದೆ ಚಿಕಿತ್ಸೆ ನೀಡಬಹುದು.

1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಡಿಯಲ್ಲಿಯೂ ವಯಸ್ಕ ಮಹಿಳೆಯ ಸಮ್ಮತಿಯನ್ನಷ್ಟೇ ಪಡೆಯಬೇಕು. 18 ವರ್ಷ ತುಂಬದವರಿಗೆ ಹಾಗೂ ಮಾನಸಿಕ ಅಸ್ವಸ್ಥರಿಗೆ ಪೋಷಕರ ಲಿಖಿತ ಸಮ್ಮತಿ ಅವಶ್ಯ. ಸಂತಾನಶಕ್ತಿಹರಣ ಚಿಕಿತ್ಸೆಗೂ ಪತಿಯ ಸಮ್ಮತಿ ಕಡ್ಡಾಯವಲ್ಲ; ಹಾಗೆಯೇ ಪತಿ ಬಯಸಿದನೆಂಬ ಕಾರಣಕ್ಕೆ ಪತ್ನಿಗೆ ಆ ಚಿಕಿತ್ಸೆ ಮಾಡುವಂತಿಲ್ಲ. ಪತಿಯ ಸಹಿ ಕೇಳುವ ಪರಿಪಾಠ ಕೆಲವೆಡೆ ಇನ್ನೂ ಉಂಟು. ಅದು ರೂಢಿಯೇ ಹೊರತು ಕಾನೂನಲ್ಲ.

ವೆಚ್ಚದ ಬಗ್ಗೆ

ಹಣ ಮನೆಯ ಹಿರಿಯರ ಕೈಯಲ್ಲಿದೆಯೆಂದು ಹೆರಿಗೆಗೆ ಬರಲು ಹಿಂಜರಿಯಬೇಕಾಗಿಲ್ಲ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸೇರಿದಂತೆ ಹೆರಿಗೆ, ಔಷಧಿ, ಪರೀಕ್ಷೆಗಳು, ಅಗತ್ಯವಿದ್ದಲ್ಲಿ ರಕ್ತ, ಹಾಗೂ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನಗಳವರೆಗೆ ಆಹಾರ ಉಚಿತ. ಮನೆಯಿಂದ ಆಸ್ಪತ್ರೆಗೆ, ಮೇಲಿನ ಆಸ್ಪತ್ರೆಗೆ ಕಳುಹಿಸಿದಲ್ಲಿ ಅಲ್ಲಿಗೆ, ಮರಳಿ ಮನೆಗೆ ವಾಹನ ವ್ಯವಸ್ಥೆಯೂ ಉಚಿತ. ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡತಕ್ಕದ್ದು.

ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಡಿ ಅರ್ಹ ಮಹಿಳೆಗೆ ಮೊದಲ ಮಗುವಿಗೆ ರೂ. 5,000, ಎರಡನೆಯ ಮಗು ಹೆಣ್ಣಾದಲ್ಲಿ ರೂ. 6,000 ಆಕೆಯ ಖಾತೆಗೇ ಜಮೆಯಾಗುತ್ತದೆ. 2022ರ ಪರಿಷ್ಕರಣೆಯ ನಂತರ ಪತಿಯ ಆಧಾರ್ ಕಡ್ಡಾಯವಲ್ಲ. ಪತಿಯಿಂದ ದೂರವಾದವರೂ ಅರ್ಜಿ ಸಲ್ಲಿಸಬಹುದು.

ಗರ್ಭ ಧರಿಸಿದ 12 ವಾರಗಳೊಳಗೆ ಆಶಾ ಕಾರ್ಯಕರ್ತೆಯ ಮೂಲಕ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯುವುದು. ಕಾರ್ಡ್, ಆಧಾರ್ ಹಾಗೂ ಬ್ಯಾಂಕ್ ಪಾಸ್‌ಪುಸ್ತಕ ಗರ್ಭಿಣಿಯ ಕೈಗೆಟುಕುವಲ್ಲಿಯೇ ಇರಲಿ. ಬೀರುವಿನ ಬೀಗದ ಕೈ ಮತ್ತೊಬ್ಬರ ಬಳಿ ಇದ್ದು, ಅವರು ಊರಿನಲ್ಲಿಲ್ಲದಿದ್ದರೆ ಹೊರಡುವುದು ತಡವಾಗುತ್ತದೆ. ಪತಿಯ ಸಹಿಯಿಲ್ಲವೆಂದು ದಾಖಲು ಮಾಡಿಕೊಳ್ಳದಿದ್ದಲ್ಲಿ ಅಥವಾ ಹಣ ಕೇಳಿದಲ್ಲಿ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳಿಗೆ ಇಲ್ಲವೇ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು.